ತಾನಾಗಿ ಮೇಲೇಳುವ ಇಂಧನ



ಸೂಕ್ಷ್ಮಜೀವಿಗಳಿಂದ ಇಂಧನ ತಯಾರಿಸುವ ವಿಷಯ ಮಾತಾಡಬೇಕೆಂದು ಈ ಕಾಲೇಜಿನವರು ಕೇಳಿದಾಗ ಸಂತೋಷದಿಂದಲೇ ಒಪ್ಪಿಕೊಂಡೆ. ಆದರೆ ಈ ವಿಷಯದ ಭಾಷಣಗಳು ಸಾಮಾನ್ಯವಾಗಿ ಹಿಡಿಯುವ ದಾರಿಯನ್ನು ನಾನು ಹಿಡಿಯುವುದಿಲ್ಲ. ಅವು ಪೆಟ್ರೋಲಿಗೆ ಎಥನಾಲ್ ಬೆರೆಸುವ ಸರ್ಕಾರಿ ಗುರಿಯಿಂದ ಶುರುವಾಗಿ, ಭತ್ತದ ಹುಲ್ಲಿನಿಂದ ವಿಮಾನ ಹಾರಿಸುವಲ್ಲಿಗೆ ಹೋಗಿ ಮುಟ್ಟುತ್ತವೆ. ಶಿರಸಿ ಸೀಮೆಯಲ್ಲಿ ನಿಂತು ಮಾತಾಡುವವನು ಸಗಣಿಯಿಂದ ಶುರು ಮಾಡದಿದ್ದರೆ ಅಪಚಾರವಾದೀತು.

ನನ್ನ ವಾದವನ್ನು ಮೊದಲಿಗೇ ಹೇಳಿಬಿಡುತ್ತೇನೆ. ಒಪ್ಪದವರಿಗೆ ಪ್ರಶ್ನೆ ಹೊಂದಿಸಿಕೊಳ್ಳಲು ಸಮಯ ಸಿಗಲಿ. ಸಸ್ಯದ ಕಸವನ್ನು ಇಂಧನವಾಗಿಸುವುದು ಈ ಜೀವಿಗಳಿಗೆ ಹೊಸ ಕೆಲಸವಲ್ಲ. ನಮಗೆ ಕಷ್ಟವಾಗುವುದು ಎರಡು ಕಡೆ: ಅವುಗಳ ಬಾಯಿಗೆ ಮೇವು ಮುಟ್ಟಿಸುವಲ್ಲಿ, ಮತ್ತು ಅವು ಮಾಡಿದ್ದನ್ನು ನೀರಿನಿಂದ ಬೇರೆ ಮಾಡಿಕೊಳ್ಳುವಲ್ಲಿ. ಸಗಣಿ, ಹಸಿಕಸ, ಕೊಳೆನೀರು ಧಾರಾಳವಾಗಿರುವ ಕಡೆ, ನೀರಿನಿಂದ ತಾನಾಗಿ ಮೇಲೆದ್ದು ಬರುವ ಮೀಥೇನ್ ಅನಿಲವನ್ನೇ ನಾವು ನೆಚ್ಚಿಕೊಳ್ಳಬೇಕು, ಎಥನಾಲನ್ನಲ್ಲ. ಹೀಗೆಂದರೆ ಸಕ್ಕರೆ ಕಾರ್ಖಾನೆಯವರಿಗೆ ಸಿಟ್ಟು ಬರುತ್ತದೆ ಎಂಬುದು ಗೊತ್ತು.

ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಕೊಟ್ಟಿಗೆ ಮೂರೂ ಒಂದಕ್ಕೊಂದು ಹೆಣೆದುಕೊಂಡ ಇಲ್ಲಿನ ಒಕ್ಕಲುತನಕ್ಕೆ ಗೋಬರ್ ಗ್ಯಾಸು ಸಲೀಸಾಗಿ ಹೊಂದಿಕೊಂಡಿತು. ಎಷ್ಟರಮಟ್ಟಿಗೆ ಎಂದರೆ, 2001ರಲ್ಲಿ ಸಂಶೋಧಕರು ಶಿರಸಿಯನ್ನು ಯಶಸ್ಸಿನ ಉದಾಹರಣೆಯಾಗಿ ಮುಂದಿಟ್ಟು ಅಂತಾರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಲೇಖನ ಪ್ರಕಟಿಸಿದರು. ದೇಶದ ಎಷ್ಟೋ ಕಡೆ ಸಬ್ಸಿಡಿಗೆಂದು ಕಟ್ಟಿದ ಗುಂಡಿಗಳು ಪಾಳುಬಿದ್ದಿದ್ದ ಕಾಲ ಅದು. ಇಲ್ಲಿ ಅವು ಉರಿಯುತ್ತಿದ್ದವು. ಕಾರಣ ಸರಳ: ತೋಟಕ್ಕೆ ಬಗ್ಗಡ ಬೇಕಿತ್ತು. ಒಲೆಗೆ ಗ್ಯಾಸು ಬಂದದ್ದು ಹೆಂಗಸರ ಹೊಗೆ ಕಷ್ಟವನ್ನು ಕಳೆಯಿತು, ನಿಜ. ಆದರೆ ಮನೆಯ ಯಜಮಾನನ ಆಸಕ್ತಿ ಉಳಿದದ್ದು ಗುಂಡಿಯ ಇನ್ನೊಂದು ತುದಿಯಲ್ಲಿ ಹೊರಬರುತ್ತಿದ್ದ ಗೊಬ್ಬರದಿಂದ.

ಬೆಳಿಗ್ಗೆ ಕೊಟ್ಟಿಗೆ ತೆಗೆದವರು ಸಗಣಿಯನ್ನು ತೊಟ್ಟಿಗೆ ಹಾಕಿ, ಅಷ್ಟೇ ನೀರು ಹೊಯ್ದು ಕೈಯಿಂದ ಕಲಸುತ್ತಾರೆ. ಕಲಸುವಾಗ ಬೆರಳಿಗೆ ಸಿಕ್ಕ ಹುಲ್ಲುಕಡ್ಡಿ, ಕಲ್ಲು, ಮರಳನ್ನು ಎತ್ತಿ ಆಚೆ ಬಿಸಾಡುತ್ತಾರೆ. ಈ ಒಂದು ಕೆಲಸವನ್ನು ನೆನಪಿಟ್ಟುಕೊಂಡಿರಿ, ಅಮೆರಿಕದ ದೊಡ್ಡ ಕಾರ್ಖಾನೆಗಳ ಕತೆ ಬಂದಾಗ ಬೇಕಾಗುತ್ತದೆ. ಕಲಸಿದ್ದು ಕೊಳವೆಯಲ್ಲಿ ಇಳಿದು ಗುಮ್ಮಟದ ಅಡಿ ಸೇರುತ್ತದೆ. ಒಂದು ಕಿಲೊ ಹಸಿ ಸಗಣಿಗೆ ಸುಮಾರು 40 ಲೀಟರ್ ಗ್ಯಾಸು. ಎರಡು ಘನಮೀಟರಿನ ಗುಂಡಿಗೆ ದಿನಕ್ಕೆ 50 ಕಿಲೊ ಸಗಣಿ ಬೇಕು, ಅಂದರೆ ನಾಲ್ಕೈದು ದನ. ಬರುವ ಗ್ಯಾಸಿನಲ್ಲಿ ನೂರಕ್ಕೆ 60 ಪಾಲು ಮೀಥೇನ್. ಉಳಿದದ್ದು ಹೆಚ್ಚುಕಡಿಮೆ ಎಲ್ಲವೂ ಇಂಗಾಲದ ಡೈ ಆಕ್ಸೈಡ್. ಮಳೆಗಾಲದಲ್ಲಿ ಪೈಪಿನ ತಗ್ಗಿನಲ್ಲಿ ನೀರು ಕಟ್ಟಿಕೊಂಡು ಒಲೆಯ ಉರಿ ಕುಣಿಯತೊಡಗುತ್ತದೆ. ತಿರುಪು ಬಿಚ್ಚಿ ಒಂದು ಲೋಟ ನೀರು ಇಳಿಸಿದರೆ ಮತ್ತೆ ನೀಲಿ ಉರಿ. ಇದಕ್ಕೆ ಇಂಜಿನಿಯರು ಬರಬೇಕಾಗಿಲ್ಲ.

ಇನ್ನು ಗುಂಡಿಯ ಒಳಗೆ ಇಳಿಯೋಣ. 1776ರಲ್ಲಿ ಇಟಲಿಯ ವೋಲ್ಟಾ, ವಿದ್ಯುತ್ತಿನ ಓಲ್ಟಿಗೆ ಹೆಸರು ಕೊಟ್ಟವನೇ, ಮಾಜೋರೆ ಸರೋವರದ ಕೆಸರನ್ನು ಕೋಲಿನಿಂದ ಕೆದಕಿ ಮೇಲೆದ್ದ ಗುಳ್ಳೆಗಳನ್ನು ಸೀಸೆಯಲ್ಲಿ ಹಿಡಿದು ಹೊತ್ತಿಸಿದ. ಆ ಗುಳ್ಳೆಗಳ ಮೀಥೇನನ್ನು ಮಾಡುವವರು ಯಾರು ಎಂಬುದು ತಿಳಿಯಲು ಮುಂದೆ ಬಹಳ ಕಾಲ ಬೇಕಾಯಿತು. ಅಮೆರಿಕದ ಎಚ್. ಎ. ಬಾರ್ಕರ್ ಆಲ್ಕೊಹಾಲ್ ತಿಂದು ಮೀಥೇನ್ ಬಿಡುವ ಒಂದು ಜೀವಿಯನ್ನು ಬೇರ್ಪಡಿಸಿ ಬೆಳೆಸಿದ್ದರು. ಮೆಥನೊಬ್ಯಾಸಿಲಸ್ ಒಮೆಲಿಯಾನ್ಸ್ಕಿ ಎಂದು ಅದರ ಹೆಸರು. ವರ್ಷಗಟ್ಟಲೆ ಪಠ್ಯಪುಸ್ತಕಗಳಲ್ಲಿ ಮೆರೆದ ಈ ಜೀವಿ ಒಂದಲ್ಲ, ಎರಡು ಎಂದು 1967ರಲ್ಲಿ ಮಾರ್ವಿನ್ ಬ್ರಯಂಟ್ ಮತ್ತು ಸಂಗಡಿಗರು ತೋರಿಸಿದರು. ಒಂದು ಎಥನಾಲನ್ನು ತಿಂದು ಅಸಿಟಿಕ್ ಆಮ್ಲ, ಜಲಜನಕ ಬಿಡುತ್ತದೆ. ಇನ್ನೊಂದು ಆ ಜಲಜನಕವನ್ನು ಇಂಗಾಲದ ಡೈ ಆಕ್ಸೈಡಿನ ಜತೆ ಸೇರಿಸಿ ಮೀಥೇನ್ ಮಾಡುತ್ತದೆ. ಸ್ವಾರಸ್ಯ ಎಲ್ಲಿದೆ ಎಂದರೆ, ಎರಡನೆಯದು ಜಲಜನಕವನ್ನು ಆಗಿಂದಾಗ ತೆಗೆಯದಿದ್ದರೆ ಮೊದಲನೆಯದು ಬದುಕುವುದೇ ಇಲ್ಲ. ತನ್ನ ಎಂಜಲೇ ಅದಕ್ಕೆ ಉಸಿರು ಕಟ್ಟಿಸುತ್ತದೆ. ಇನ್ನೂ ಹತ್ತು ವರ್ಷ ಕಳೆದು, 1977ರಲ್ಲಿ, ಈ ಮೀಥೇನ್ ಮಾಡುವ ಜೀವಿಗಳು ಬ್ಯಾಕ್ಟೀರಿಯಾಗಳೇ ಅಲ್ಲ, ಈಗ ಆರ್ಕಿಯಾ ಎನ್ನುವ ಬೇರೆಯದೇ ವಂಶ ಎಂದು ಕಾರ್ಲ್ ವೋಸ್ ಸಾರಿದರು. ಜೀವಿಗಳ ವಂಶವೃಕ್ಷವನ್ನೇ ಮತ್ತೆ ಬರೆಯಬೇಕಾಗಿ ಬಂದದ್ದರಲ್ಲಿ ಗೊಬ್ಬರಗುಂಡಿಯ ಪಾಲಿದೆ ಎಂಬುದನ್ನು ನಮ್ಮವರು ಸ್ವಲ್ಪ ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ಹೀಗೆ ಗುಂಡಿಯೊಳಗೆ ನಾಲ್ಕು ಹಂತದ ಕೆಲಸ ನಡೆಯುತ್ತದೆ. ನಾರು, ಪಿಷ್ಟ, ಪ್ರೋಟೀನುಗಳನ್ನು ಕಿಣ್ವಗಳಿಂದ ಕತ್ತರಿಸುವವರು, ಕತ್ತರಿಸಿದ್ದನ್ನು ಆಮ್ಲವಾಗಿಸುವವರು, ಆ ಆಮ್ಲಗಳನ್ನು ಅಸಿಟಿಕ್ ಆಮ್ಲಕ್ಕೂ ಜಲಜನಕಕ್ಕೂ ಇಳಿಸುವವರು, ಕೊನೆಗೆ ಮೀಥೇನ್ ಮಾಡುವವರು. ಮೊದಲ ಎರಡು ಗುಂಪು ಚುರುಕು, ಕೊನೆಯದು ನಿಧಾನ. ಇದನ್ನು ಅರಿಯಲು ಪ್ರಯೋಗಾಲಯ ಬೇಡ, ಒಂದು ಮದುವೆ ಮನೆ ಸಾಕು. ಉಳಿದ ಅನ್ನ, ಪಾಯಸವನ್ನೆಲ್ಲ ಒಮ್ಮೆಗೇ ಗುಂಡಿಗೆ ಸುರಿದರೆ ಒಂದೆರಡು ದಿನ ಗ್ಯಾಸು ಭರ್ಜರಿ. ಆಮೇಲೆ ಗ್ಯಾಸು ಬರುತ್ತದೆ, ಉರಿ ಮಾತ್ರ ಹತ್ತುವುದಿಲ್ಲ. ಹೊರಬರುವ ಬಗ್ಗಡ ಹುಳಿ ನಾತ ಹೊಡೆಯುತ್ತದೆ. ಚುರುಕಿನವರು ರಾಶಿ ಆಮ್ಲ ಮಾಡಿ ಹಾಕಿದ್ದಾರೆ, ನಿಧಾನದವರು ಅದರಲ್ಲಿ ಮುಳುಗಿ ಕೆಲಸ ನಿಲ್ಲಿಸಿದ್ದಾರೆ; ಬರುತ್ತಿರುವುದು ಬರೀ ಇಂಗಾಲದ ಡೈ ಆಕ್ಸೈಡ್. ಕೆಲವು ದಿನ ಏನೂ ಹಾಕದೆ ಸುಮ್ಮನಿದ್ದು, ಸ್ವಲ್ಪ ಸುಣ್ಣದ ನೀರು ಬಿಟ್ಟು, ಆಮೇಲೆ ಸಗಣಿಯಿಂದ ಮತ್ತೆ ಶುರು ಮಾಡಬೇಕು.

ಮೀಥೇನ್ ಮಾಡುವವರು ಯಾಕಷ್ಟು ನಿಧಾನ? ಒಂದು ಲೆಕ್ಕ ನೋಡಿ. ಗ್ಲೂಕೋಸನ್ನು ಎಥನಾಲ್ ಮಾಡಿದರೆ ಅದರ ಶಕ್ತಿಯಲ್ಲಿ ನೂರಕ್ಕೆ ಸುಮಾರು 97 ಪಾಲು ಎಥನಾಲಿನಲ್ಲಿ ಉಳಿಯುತ್ತದೆ. ಮೀಥೇನ್ ಮಾಡಿದರೆ ಸುಮಾರು 95. ಉಳಿದ ಚೂರುಪಾರಿನಲ್ಲಿ ಆ ಜೀವಿಗಳು ಜೀವನ ಮಾಡಬೇಕು, ಅದನ್ನೂ ನಾಲ್ಕು ಗುಂಪು ಹಂಚಿಕೊಂಡು. ಅವು ಬಡತನದಲ್ಲಿ ಬದುಕುವುದರಿಂದಲೇ ನಮಗೆ ಇಂಧನ ಉಳಿಯುವುದು. ಈ ಲೆಕ್ಕದ ಇನ್ನೊಂದು ಮುಖ ನನಗೆ ಹೆಚ್ಚು ಮುಖ್ಯ. ಕಾಗದದ ಮೇಲೆ ಎಥನಾಲೂ ಮೀಥೇನೂ ಸಮಸಮ. ಹಾಗಾದರೆ ಎರಡರ ನಡುವಿನ ವ್ಯತ್ಯಾಸವೆಲ್ಲ ಕಾಗದದ ಆಚೆ ಇದೆ.

ಎಥನಾಲಿನ ಕತೆಗೆ ಬರೋಣ. 1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಮರಳಿನ ಜತೆ ಅರೆದು, ಹಿಂಡಿ ರಸ ತೆಗೆದು, ಕೆಡದಿರಲೆಂದು ಸಕ್ಕರೆ ಹಾಕಿಟ್ಟರು. ಜೀವಕೋಶವೇ ಇಲ್ಲದ ರಸ ನೊರೆ ಕಟ್ಟಿತು. ಹುದುಗಲು ಜೀವ ಬೇಕಿಲ್ಲ, ಜೀವ ಮಾಡಿಟ್ಟ ಕಿಣ್ವ ಸಾಕು ಎಂದು ಗೊತ್ತಾದದ್ದು ಹೀಗೆ. 1907ರಲ್ಲಿ ಅವರಿಗೆ ನೊಬೆಲ್ ಬಂತು. ಕಿಣ್ವಗಳನ್ನು ಡಬ್ಬಿಯಲ್ಲಿ ತುಂಬಿ ಮಾರುವ ಇಂದಿನ ಉದ್ಯಮದ ಬೇರು ಅಲ್ಲಿದೆ.

ಕಾಕಂಬಿಗೆ ಯೀಸ್ಟ್ ಹಾಕಿದರೆ ಆಲ್ಕೊಹಾಲ್ ಆಗುತ್ತದೆ, ಇದರಲ್ಲಿ ಗುಟ್ಟೇನಿಲ್ಲ. ಆದರೆ ಆಲ್ಕೊಹಾಲ್ ನೂರಕ್ಕೆ ಹತ್ತು ಹನ್ನೆರಡು ಪಾಲು ಆಗುವ ಹೊತ್ತಿಗೆ ಯೀಸ್ಟು ಸುಸ್ತಾಗುತ್ತದೆ. ಉಳಿದ ಸುಮಾರು 90 ಪಾಲು ನೀರೇ. ಅದನ್ನು ಕಾಯಿಸಬೇಕು, ಆವಿ ಹಿಡಿಯಬೇಕು. ಎಷ್ಟು ಭಟ್ಟಿ ಇಳಿಸಿದರೂ ತೂಕದಲ್ಲಿ ನೂರಕ್ಕೆ 95.6ರ ಆಚೆ ಹೋಗುವುದಿಲ್ಲ, ಆ ಹದದಲ್ಲಿ ನೀರೂ ಆಲ್ಕೊಹಾಲೂ ಒಟ್ಟಿಗೇ ಕುದಿಯುತ್ತವೆ. ಪೆಟ್ರೋಲಿಗೆ ಬೆರೆಸಲು ಆ ಕೊನೆಯ ನೀರನ್ನೂ ವಿಶೇಷ ಜರಡಿಗಳಿಂದ ತೆಗೆಯಬೇಕು. ಇಷ್ಟೆಲ್ಲ ಆದ ಮೇಲೆ ಒಂದು ಲೀಟರ್ ಎಥನಾಲಿಗೆ ಹತ್ತರಿಂದ ಹದಿನೈದು ಲೀಟರ್ ಕಂದು ಬಣ್ಣದ, ಸುಡುಬಿಸಿಯ ಸ್ಪೆಂಟ್‌ವಾಶ್ ಉಳಿಯುತ್ತದೆ. ಅದನ್ನು ಹೊಳೆಗೆ ಬಿಟ್ಟರೆ ಮೀನು ತೇಲುತ್ತವೆ. ಹಾಗಾಗಿ ಡಿಸ್ಟಿಲರಿಗಳು ಏನು ಮಾಡುತ್ತವೆ ಗೊತ್ತೇ? ದೊಡ್ಡ ಮುಚ್ಚಿದ ತೊಟ್ಟಿಗಳಲ್ಲಿ ಹಾಕಿ ಅದರಿಂದ ಮೀಥೇನ್ ತೆಗೆಯುತ್ತವೆ! ಯೀಸ್ಟ್ ಬಿಟ್ಟದ್ದನ್ನು ಗುಂಡಿಯ ಬಳಗ ತಿಂದು ಮುಗಿಸುತ್ತದೆ.

ಬ್ಯೂಟನಾಲ್ ಎಂಬ ಇನ್ನೊಂದು ಆಲ್ಕೊಹಾಲ್ ಇದೆ. ಗುಣದಲ್ಲಿ ಪೆಟ್ರೋಲಿಗೆ ಹತ್ತಿರ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಮದ್ದುಗುಂಡಿನ ಕಾರ್ಡೈಟಿಗಾಗಿ ಅಸಿಟೋನ್ ಬೇಕಾದಾಗ, ರಸಾಯನಶಾಸ್ತ್ರಜ್ಞ ಹೈಮ್ ವೈಜ್‌ಮನ್ ಕ್ಲಾಸ್ಟ್ರಿಡಿಯಮ್ ಎಂಬ ಬ್ಯಾಕ್ಟೀರಿಯಾದಿಂದ ಅದನ್ನು ಮಾಡಿಕೊಟ್ಟರು. ಜತೆಗೆ ಬರುತ್ತಿದ್ದದ್ದು ಬ್ಯೂಟನಾಲ್. ಅದಕ್ಕೆ ಬೇಕಾದ ಮೆಕ್ಕೆಜೋಳಕ್ಕೆ ಅಭಾವ ಬಂದು, 1917ರಲ್ಲಿ ಶಾಲೆಯ ಮಕ್ಕಳು ಹಾರ್ಸ್ ಚೆಸ್ಟ್‌ನಟ್ ಮರದ ಕಾಯಿ ಆಯ್ದು ಕೊಟ್ಟರು. ವೈಜ್‌ಮನ್ ಮುಂದೆ ಇಸ್ರೇಲಿನ ಮೊದಲ ಅಧ್ಯಕ್ಷರಾದರು. ಬ್ಯೂಟನಾಲ್ ಮಾತ್ರ ಇನ್ನೂ ನಮ್ಮ ಪೆಟ್ರೋಲ್ ಬಂಕಿಗೆ ಬಂದಿಲ್ಲ. ನೂರಕ್ಕೆ ಒಂದೆರಡು ಪಾಲು ಆಗುವಷ್ಟರಲ್ಲೇ ಅದು ತನ್ನನ್ನು ಮಾಡಿದ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಮೀಥೇನಿನ ಹೆಚ್ಚುಗಾರಿಕೆ ಇಲ್ಲಿ ಎದ್ದು ಕಾಣುತ್ತದೆ. ಅದು ನೀರಿನಲ್ಲಿ ಕರಗುವುದು ಅತ್ಯಲ್ಪ, ಆದದ್ದು ಆದ ಹಾಗೆ ಗುಳ್ಳೆಯಾಗಿ ಮೇಲೇರುತ್ತದೆ, ಮಾಡಿದವರಿಗೆ ವಿಷವಾಗಿ ಉಳಿಯುವುದಿಲ್ಲ.

ಈಗ ಎಲ್ಲರ ಕಣ್ಣು ಇರುವ ಹುಲ್ಲು, ದಂಟು, ರವದಿಯ ವಿಚಾರ. ಅಕ್ಕಿಯ ಪಿಷ್ಟವೂ ಹುಲ್ಲಿನ ಸೆಲ್ಯುಲೋಸೂ ಗ್ಲೂಕೋಸಿನ ಸರಗಳೇ. ಮಣಿಗಳನ್ನು ಪೋಣಿಸಿದ ಬಗೆ ಮಾತ್ರ ಬೇರೆ. ಪಿಷ್ಟವನ್ನು ನಮ್ಮ ಎಂಜಲಿನ ಕಿಣ್ವವೇ ಕತ್ತರಿಸುತ್ತದೆ. ಸೆಲ್ಯುಲೋಸಿನ ಸರಗಳು ಒತ್ತೊತ್ತಾಗಿ ಒಂದರ ಪಕ್ಕ ಒಂದು ಅಂಟಿಕೊಂಡಿರುತ್ತವೆ, ನಡುವೆ ನೀರಿಗೂ ಜಾಗವಿಲ್ಲ. ಸುತ್ತ ಲಿಗ್ನಿನ್ ಎಂಬ ಅಂಟಿನ ಕವಚ. ಎರಡನೆಯ ಮಹಾಯುದ್ಧದಲ್ಲಿ ಸಾಲೊಮನ್ ದ್ವೀಪಗಳ ಕಡೆ ಅಮೆರಿಕದ ಸೈನಿಕರ ಹತ್ತಿಬಟ್ಟೆಯ ಡೇರೆಗಳನ್ನು ಒಂದು ಬೂಷ್ಟು ತಿಂದುಹಾಕುತ್ತಿತ್ತು. ಡೇರೆ ಉಳಿಸುವುದು ಹೇಗೆಂದು ಹುಡುಕಹೊರಟ ಸೈನ್ಯದ ಪ್ರಯೋಗಾಲಯದವರಿಗೆ ಸಿಕ್ಕಿದ್ದು ಅದ್ಭುತ ಕತ್ತರಿ. ಎಲ್ವಿನ್ ರೀಸ್ ಮತ್ತು ಮೇರಿ ಮ್ಯಾಂಡೆಲ್ಸ್ ಆ ಬೂಷ್ಟಿನ ಕಿಣ್ವಗಳನ್ನು ದಶಕಗಟ್ಟಲೆ ಅಭ್ಯಾಸ ಮಾಡಿದರು. ಅದಕ್ಕೆ ಟ್ರೈಕೊಡರ್ಮಾ ರೀಸಿ ಎಂದೇ ಹೆಸರಾಯಿತು. ಒಂದು ಕಿಣ್ವ ಸರವನ್ನು ನಡುವೆ ತುಂಡರಿಸುತ್ತದೆ, ಇನ್ನೊಂದು ತುದಿಯಿಂದ ಎರಡೆರಡು ಮಣಿ ಬಿಡಿಸುತ್ತದೆ, ಮೂರನೆಯದು ಆ ಜೋಡಿಯನ್ನು ಒಡೆಯುತ್ತದೆ. 2010ರಲ್ಲಿ ನಾರ್ವೆಯ ಸಂಶೋಧಕರು ಆಮ್ಲಜನಕದ ನೆರವಿನಿಂದ ಗಟ್ಟಿ ಹರಳನ್ನೇ ಸೀಳುವ ಬೇರೊಂದು ಬಗೆಯ ಕಿಣ್ವದ ಕೆಲಸವನ್ನು ವಿವರಿಸಿದರು.

ಹುಲ್ಲಿನಲ್ಲಿ ಗ್ಲೂಕೋಸಲ್ಲದೆ ಕ್ಸೈಲೋಸ್ ಎಂಬ ಸಕ್ಕರೆಯೂ ಇದೆ. ಮಾಮೂಲಿ ಯೀಸ್ಟ್ ಅದನ್ನು ಮುಟ್ಟುವುದಿಲ್ಲ. ಫ್ಲಾರಿಡಾದ ಲೋನಿ ಇಂಗ್ರಾಮ್, ಎಲ್ಲ ಸಕ್ಕರೆಯನ್ನೂ ತಿನ್ನುವ ಇ. ಕೊಲೈ ಬ್ಯಾಕ್ಟೀರಿಯಾಕ್ಕೆ ಆಲ್ಕೊಹಾಲ್ ಮಾಡುವ ಇನ್ನೊಂದು ಬ್ಯಾಕ್ಟೀರಿಯಾದ ಜೀನ್‌ಗಳನ್ನು ಹಾಕಿ ಆ ತೊಡಕನ್ನು ಬಿಡಿಸಿದರು. 1991ರಲ್ಲಿ ಅದಕ್ಕೆ ಸಿಕ್ಕಿದ್ದು ಅಮೆರಿಕದ 50 ಲಕ್ಷನೇ ಪೇಟೆಂಟು. ವಿಜ್ಞಾನ ಸೋತಿಲ್ಲ ಎಂಬುದನ್ನು ಒತ್ತಿ ಹೇಳಲು ಇಷ್ಟು ಹೇಳಿದೆ.

ಸೋತದ್ದು ಗೇಟಿನ ಬಳಿ. ಅಮೆರಿಕ 2007ರ ಕಾನೂನಿನಲ್ಲಿ, 2022ರ ಹೊತ್ತಿಗೆ ವರ್ಷಕ್ಕೆ 1600 ಕೋಟಿ ಗ್ಯಾಲನ್ ಸೆಲ್ಯುಲೋಸಿನ ಇಂಧನ ಎಂದು ಗುರಿ ಇಟ್ಟಿತು. ಕಾನ್ಸಾಸಿನ ಹ್ಯೂಗೊಟನ್‌ನಲ್ಲಿ ಅಬೆಂಗೋವಾ ಕಾರ್ಖಾನೆ 2014ರಲ್ಲಿ ತೆರೆದು ಮರುವರ್ಷವೇ ನಿಂತಿತು. ಅಯೋವಾದ ನೆವಾಡಾ ಎಂಬ ಊರಿನಲ್ಲಿ ಡ್ಯೂಪಾಂಟ್ 2015ರಲ್ಲಿ ತೆರೆದು 2017ರಲ್ಲಿ ಕೈಬಿಟ್ಟಿತು. ರುಮೇನಿಯಾದಲ್ಲಿ ಕ್ಲಾರಿಯಂಟಿನ ಕಾರ್ಖಾನೆ 2023ರ ಕೊನೆಗೆ ಬಾಗಿಲು ಹಾಕಿತು. ಎಣ್ಣೆಯ ಬೆಲೆ ಇಳಿದದ್ದು, ಕಿಣ್ವದ ಖರ್ಚು, ಕಂಪನಿಗಳ ಸಾಲ, ಎಲ್ಲ ಕಾರಣವೂ ಇದ್ದವು. ಆದರೆ ಈ ಬಗೆಯ ಕಾರ್ಖಾನೆಗಳಲ್ಲಿ ದುಡಿದವರು ಮತ್ತೆ ಮತ್ತೆ ಹೇಳಿದ್ದು ಒಂದೇ: ಹೊಲದಿಂದ ಬಂದ ಮೆಕ್ಕೆಜೋಳದ ದಂಟಿನ ಕಟ್ಟುಗಳ ಜತೆ ಮಣ್ಣು, ಮರಳು ಬರುತ್ತಿತ್ತು, ಅದು ಯಂತ್ರದ ಹಲ್ಲು ಸವೆಸುತ್ತಿತ್ತು, ಕೊಳವೆ ಕಟ್ಟಿಸುತ್ತಿತ್ತು. ಬಣವೆಗೆ ಬೆಂಕಿ ಬೀಳುತ್ತಿತ್ತು. ಮುಂಜಾನೆ ಸಗಣಿ ಕಲಸುವವರ ಬೆರಳು ಮಾಡುವ ಕೆಲಸವನ್ನು ಸಾವಿರಾರು ಎಕರೆಯ ದಂಟಿಗೆ ಮಾಡುವವರಿರಲಿಲ್ಲ. ಇನ್ನೂ ಒಂದು ಮಾತು: ನಮ್ಮ ಗುಂಡಿಗೆ ಬರುವ ಹುಲ್ಲನ್ನು ಹಸು ಆಗಲೇ ಅಗಿದು, 39 ಡಿಗ್ರಿ ಬೆಚ್ಚಗಿರುವ ಮೆಲುಕಿನ ಹೊಟ್ಟೆಯಲ್ಲಿ ಕೊಳೆಸಿ, ಮತ್ತೆ ಅಗಿದು ಕಳಿಸಿರುತ್ತದೆ. ಆ ಹಂತಕ್ಕೆ ಕಾರ್ಖಾನೆಯವರು ಬಿಸಿ ಆವಿ, ಆಮ್ಲ, ದುಬಾರಿ ಉಕ್ಕಿನ ಪಾತ್ರೆ ಬಳಸುತ್ತಾರೆ.

ನಮ್ಮ ದೇಶದಲ್ಲೇ ಎರಡು ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಹರಿಯಾಣದ ಪಾಣಿಪತ್ತಿನಲ್ಲಿ ಇಂಡಿಯನ್ ಆಯಿಲ್ ಕಟ್ಟಿದ ಕಾರ್ಖಾನೆಯನ್ನು 2022ರ ಆಗಸ್ಟ್ 10ರಂದು ಉದ್ಘಾಟಿಸಿದಾಗ ಹೇಳಿದ್ದು, ವರ್ಷಕ್ಕೆ ಸುಮಾರು 2 ಲಕ್ಷ ಟನ್ ಭತ್ತದ ಹುಲ್ಲಿನಿಂದ ಸುಮಾರು 3 ಕೋಟಿ ಲೀಟರ್ ಎಥನಾಲ್. ಟನ್ನಿಗೆ 150 ಲೀಟರ್ ಆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಪಂಜಾಬಿನ ಲೆಹ್ರಾಗಾಗಾದಲ್ಲಿ ತೆರೆದ ಘಟಕದ ಅಂಕಿ, ದಿನಕ್ಕೆ 300 ಟನ್ ಹುಲ್ಲಿನಿಂದ ಸುಮಾರು 33 ಟನ್ ಶುದ್ಧಗೊಳಿಸಿದ ಗ್ಯಾಸು. ಟನ್ನಿಗೆ 110 ಕಿಲೊ. ಶಕ್ತಿಯ ಲೆಕ್ಕಕ್ಕೆ ಇಳಿಸಿದರೆ ಗ್ಯಾಸಿನದು ಒಂದೂವರೆ ಪಟ್ಟು. ಇವು ವಿನ್ಯಾಸದ ಅಂಕಿಗಳು, ಪಾಣಿಪತ್ತಿನ ಬಗೆಯಲ್ಲಿ ಉಳಿಯುವ ಲಿಗ್ನಿನ್ನನ್ನು ಉರಿಸಿಕೊಳ್ಳಬಹುದು, ಎಲ್ಲ ನಿಜ. ಆದರೂ ಗ್ಯಾಸಿನ ಘಟಕ ಕಿಣ್ವ ಕೊಳ್ಳುವುದಿಲ್ಲ, ಒಳಗಿನ ಬಳಗವೇ ಮಾಡಿಕೊಳ್ಳುತ್ತದೆ. ಪರಕೀಯ ಬ್ಯಾಕ್ಟೀರಿಯಾ ನುಗ್ಗೀತೆಂಬ ಭಯವೂ ಇಲ್ಲ, ಎಲ್ಲರೂ ಆಗಲೇ ಒಳಗಿದ್ದಾರೆ.

ಕಬ್ಬಿನ ಎಥನಾಲಿನ ಬಗ್ಗೆ ಹೆಚ್ಚು ಹೇಳಲಾರೆ. 2003ರಲ್ಲಿ ಕೆಲವು ರಾಜ್ಯಗಳಲ್ಲಿ ನೂರಕ್ಕೆ 5ರಿಂದ ಆರಂಭವಾದ ಬೆರಕೆ 2022ರಲ್ಲಿ 10 ಮುಟ್ಟಿ, 2025ರಲ್ಲಿ 20ಕ್ಕೆ ಬಂತು. ಸಕ್ಕರೆಮೂಲದ ಒಂದು ಲೀಟರ್ ಎಥನಾಲಿಗೆ ಸುಮಾರು 2860 ಲೀಟರ್ ನೀರು ಎಂದು ನೀತಿ ಆಯೋಗದ 2021ರ ವರದಿಯೇ ಹೇಳುತ್ತದೆ. 2023ರ ಡಿಸೆಂಬರಿನಲ್ಲಿ ಕಬ್ಬಿನ ಇಳುವರಿ ಕುಸಿಯುವ ಸೂಚನೆ ಸಿಕ್ಕ ಕೂಡಲೇ ಕೇಂದ್ರ ಸರ್ಕಾರ ಕಬ್ಬಿನ ಹಾಲಿನಿಂದ ಎಥನಾಲ್ ಮಾಡುವುದಕ್ಕೆ ಕಡಿವಾಣ ಹಾಕಿತು. ಮಳೆ ನೋಡಿಕೊಂಡು ನಡೆಯಬೇಕಾದ ಇಂಧನ ಇದು. ಕಾಕಂಬಿಯಿಂದ ಮಾಡುವುದಕ್ಕೆ ನನ್ನ ತಕರಾರಿಲ್ಲ, ಅದು ಹೇಗೂ ಉಳಿಯುವ ವಸ್ತು. ನೀರಾವರಿ ಗದ್ದೆಯನ್ನೇ ಟ್ಯಾಂಕಿಗೆ ಸುರಿಯುವುದಕ್ಕೆ ತಕರಾರಿದೆ.

ನನ್ನ ಪಕ್ಷದ ಕುಂದನ್ನೂ ಹೇಳಬೇಕು. ಎಥನಾಲನ್ನು ಟ್ಯಾಂಕರಿನಲ್ಲಿ ಸಾಗಿಸಬಹುದು. ಗ್ಯಾಸನ್ನು ತೊಳೆದು, ಒತ್ತಿ, ಸಿಲಿಂಡರಿಗೆ ತುಂಬಬೇಕು. ಮೀಥೇನ್ ಸೋರಿದರೆ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ಬಿರುಕು ಬಿಟ್ಟ ಗುಮ್ಮಟ ಪರಿಸರಕ್ಕೆ ಉಪಕಾರಿಯಲ್ಲ. ಇಂಥ ಗ್ಯಾಸಿಗಾಗಿ ಕೇಂದ್ರ ಸರ್ಕಾರ 2018ರಲ್ಲಿ ತಂದ ಸತತ್ ಯೋಜನೆ 2023ರೊಳಗೆ 5000 ಘಟಕ ಎಂದಿತ್ತು. ಅದರ ಹತ್ತಿರಕ್ಕೂ ಹೋಗಲಿಲ್ಲ. ಲೂಧಿಯಾನ ಜಿಲ್ಲೆಯ ಹಳ್ಳಿಗರು ನಾತ, ಕೊಳೆನೀರಿನ ದೂರು ಹೇಳಿ ಇಂಥ ಘಟಕಗಳ ಎದುರು ಧರಣಿ ಕೂತರು. ಅವರು ಅಜ್ಞಾನಿಗಳಲ್ಲ. ಶಿರಸಿಯ ಬಗ್ಗಡ ಪಕ್ಕದ ತೋಟಕ್ಕೆ ಹೋಗುತ್ತದೆ. ದಿನಕ್ಕೆ ನೂರಾರು ಟನ್ ಬಗ್ಗಡ ಎಲ್ಲಿಗೆ ಹೋಗಬೇಕು ಎಂದು ಮೊದಲೇ ಯೋಚಿಸದವರು ಘಟಕ ಕಟ್ಟಬಾರದು.

ಊರೊಟ್ಟಿನ ಗುಂಡಿಯ ಅನುಭವವೂ ನಮ್ಮಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ, ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಇಡೀ ಊರಿಗೊಂದು ಘಟಕ ಮಾಡಿತು. ಮೊದಲು ಅಡುಗೆ ಗ್ಯಾಸಿನ ಯೋಚನೆ. ಊರಿನ ಸಗಣಿ ಅಷ್ಟಕ್ಕೆ ಸಾಲಲಿಲ್ಲ. 1987ರ ಹೊತ್ತಿಗೆ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದವರಿಗೆ ತೂಕಕ್ಕೆ ತಕ್ಕ ಹಣ, ಜತೆಗೆ ಗೊಬ್ಬರ ವಾಪಸು. ಒಲೆ ಬೇಕೆಂದವರಿಗೆ ನೀರು ಕೊಟ್ಟದ್ದು ಸೋಲೇ ಎಂದು ಕೇಳುವವರಿದ್ದಾರೆ. ಕೊಡ ಹೊತ್ತವರನ್ನು ಕೇಳಿದರೆ ಉತ್ತರ ಬೇರೆ ಬರುತ್ತದೆ.

ಮಲೆನಾಡಿನ ಕೊಟ್ಟಿಗೆಗಳಲ್ಲಿ ದನ ಕಡಿಮೆಯಾಗುತ್ತಿವೆ. ಇನ್ನು ಗುಂಡಿಗೆ ಸಗಣಿಯನ್ನೇ ನಂಬಿ ಕೂರಲಾಗದು. ಇಂದೋರಿನಲ್ಲಿ 2022ರಲ್ಲಿ ತೆರೆದ ಗ್ಯಾಸಿನ ಘಟಕ ದಿನಕ್ಕೆ 550 ಟನ್ ಹಸಿಕಸ ಸಂಸ್ಕರಿಸುವ ಸಾಮರ್ಥ್ಯದ್ದಾಗಿತ್ತು. ಮನೆಮನೆಯಲ್ಲೂ ಕಸ ಬೇರೆ ಮಾಡಿ ಕೊಡುವ ರೂಢಿ ಅಲ್ಲಿ ಮೊದಲೇ ಬಂದಿತ್ತು, ಅದಕ್ಕೇ ಅದು ಸಾಧ್ಯವಾಯಿತು. ನಮ್ಮ ಮುಂದಿರುವುದು ಅಡಿಕೆ ಸಿಪ್ಪೆ. ಕಾಯಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಪ್ಪೆಯೇ. ಸುಗ್ಗಿಯಲ್ಲಿ ರಸ್ತೆ ಬದಿಗೆ ರಾಶಿ ಬಿದ್ದು, ಬೆಂಕಿ ಹಚ್ಚಿದರೆ ದಿನಗಟ್ಟಲೆ ಹೊಗೆಯಾಡುತ್ತದೆ. ಅದರಲ್ಲಿ ಲಿಗ್ನಿನ್ ಹೆಚ್ಚು, ಸಾರಜನಕ ಕಡಿಮೆ; ಹಾಗೇ ಹಾಕಿದರೆ ಗುಂಡಿಯಲ್ಲಿ ತೇಲಿ ಕೆನೆ ಕಟ್ಟುತ್ತದೆ. ಬಗ್ಗಡದಲ್ಲೇ ಕೆಲವು ದಿನ ನೆನೆಸಿಟ್ಟರೆ ಎಷ್ಟು ಮೆತ್ತಗಾಗುತ್ತದೆ, ಕತ್ತರಿಸಿ ಹಾಕಿದರೆ ಎಷ್ಟು, ಸಗಣಿಯ ಜತೆ ಎಷ್ಟು ಪಾಲು ಬೆರೆಸಿದರೆ ಹುಳಿಯಾಗದು, ಇವನ್ನು ಈ ಕಾಲೇಜಿನ ವಿದ್ಯಾರ್ಥಿಗಳು ಅಳೆಯಬಹುದು. ಬೇಕಾದದ್ದು ಬಿಗಿ ಮುಚ್ಚಳದ ಕೆಲವು ಬಾಟಲಿ, ರಬ್ಬರ್ ನಳಿಗೆ, ಗ್ಯಾಸು ತಳ್ಳಿದ ನೀರನ್ನು ಅಳೆಯುವ ಜಾಡಿ, ತಕ್ಕಡಿ ಮತ್ತು ಎರಡು ತಿಂಗಳ ತಾಳ್ಮೆ. ಒಂದು ಬಾಟಲಿಗೆ ಬರೀ ಬಗ್ಗಡ ಹಾಕಿ ಹೋಲಿಕೆಗೆ ಇಡುವುದನ್ನು ಮರೆಯಬೇಡಿ. ಬಗ್ಗಡ ಈ ಊರಿನಲ್ಲಿ ಯಾರ ಮನೆಯಲ್ಲಿ ಕೇಳಿದರೂ ಕೊಡುತ್ತಾರೆ.